ಇಪ್ಪತ್ತೊಂದನೆಯ ಮತ

ಸಭಾಭವನದ ಹಿಂಬದಿಯ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಕು, ಊಟದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಂದರಿನ ಗಾಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಕ್ರೇನಿನ ಮೇಲಿನ ಆ ಪುಟ್ಟ ಗೂಡಿನಲ್ಲಿ ಎಂಟು ಗಂಟೆ ಕೂತು ಸೊಂಟ ಹಿಡಿದುಕೊಂಡಿರುತ್ತದೆ ಅಂತ ಗೊತ್ತು. ಕೇಳಿದರೆ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತೀಯ, ಅದೂ ಗೊತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಅತ್ತಿಗೆ ಮಾತ್ರ ಸ್ವಲ್ಪ ಸೊರಗಿದ್ದಾರೆ. ನೀನು ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಅತ್ತಿಗೆ ಹೇಳಿದರು. ಗ್ರಂಥಿಯನ್ನು ಪೂರ್ತಿ ತೆಗೆಯಬೇಕು, ಆಮೇಲೆ ಮೂತ್ರದ ಹಿಡಿತ ತಪ್ಪಬಹುದು, ಗಂಡಹೆಂಡಿರ ಸಂಬಂಧಕ್ಕೂ ತೊಂದರೆಯಾಗಬಹುದು (ತಂಗಿಯಾಗಿ ಬರೆಯಲು ಸಂಕೋಚವೇ, ಆದರೂ ಬರೆಯುತ್ತೇನೆ) ಎಂದು ಡಾಕ್ಟರು ಹೇಳಿದ ಮರುವಾರವೇ ನೀನು ದೂರದ ಬಂದರಿಗೆ ವರ್ಗ ಕೇಳಿಕೊಂಡು ಹೋದೆಯಂತೆ. ಮೂವತ್ತು ಟನ್ನಿನ ಕಂಟೇನರನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಇಳಿಸುವವನು ಒಂದು ಮಾತಿಗೆ ಹೆದರಿ ಕಾಲಿಗೆ ಬುದ್ಧಿ ಹೇಳಿದೆಯಲ್ಲ! ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಸಭೆಗೆ ಬಂದವರಿಗೆ ಮತ ಹಾಕುವ ಗುಂಡಿಯ ಪೆಟ್ಟಿಗೆ ಹಂಚುವುದು, ಫಲಿತಾಂಶವನ್ನು ಪರದೆಯ ಮೇಲೆ ತೋರಿಸುವುದು. ಇವತ್ತು ಬಂದವರು ಇಪ್ಪತ್ತು ಜನ ತಜ್ಞರು. ವಿಷಯ ಓದಿದರೆ, ನಿನ್ನದೇ ಕಾಯಿಲೆ! ಗ್ರಂಥಿಯನ್ನೆಲ್ಲ ತೆಗೆಯದೆ, ಕ್ಯಾನ್ಸರ್ ಇರುವಷ್ಟು ಜಾಗವನ್ನು ಮಾತ್ರ ಶಬ್ದತರಂಗದಿಂದ ಕಾಯಿಸಿಯೋ, ತೀರಾ ತಣ್ಣಗೆ ಮಾಡಿ ಹೆಪ್ಪುಗಟ್ಟಿಸಿಯೋ ನಾಶಮಾಡುವ ಚಿಕಿತ್ಸೆ ಇದೆಯಂತೆ. ಫೋಕಲ್ ಥೆರಪಿ ಎನ್ನುತ್ತಾರೆ. ಅದನ್ನು ಯಾರಿಗೆ ಮಾಡಬಹುದು, ಯಾರಿಗೆ ಮಾಡಬಾರದು ಎಂದು ಇವರೆಲ್ಲ ಕೂತು ತೀರ್ಮಾನಿಸಬೇಕು.

ಅಣ್ಣಾ, ನಾನು ಬೆರಗಾಗಿಹೋದೆ. ಪರದೆಯ ಮೇಲೆ ಒಂದೊಂದೇ ವಾಕ್ಯ ಬರುತ್ತದೆ. ಒಪ್ಪಿಗೆ, ಇಲ್ಲ, ಹೇಳಲಾರೆ ಎಂದು ಮೂರು ಗುಂಡಿ. ಯಾರು ಯಾವುದನ್ನು ಒತ್ತಿದರೆಂದು ನನಗೂ ಕಾಣಿಸುವುದಿಲ್ಲ, ದೊಡ್ಡವರ ಮುಖ ನೋಡಿ ಚಿಕ್ಕವರು ಒತ್ತಬಾರದಲ್ಲ. ನೂರಕ್ಕೆ ಎಂಬತ್ತು ಒಪ್ಪಿದರೆ ಮಾತ್ರ ಅದು ಸಭೆಯ ಅಭಿಪ್ರಾಯ. ಹದಿನೈದು ವರ್ಷದ ಮೇಲೂ ಈ ಚಿಕಿತ್ಸೆ ಪೂರ್ತಿ ಶಸ್ತ್ರಚಿಕಿತ್ಸೆಯಷ್ಟೇ ಕಾಪಾಡುತ್ತದೆಯೇ ಎಂಬ ಮಾತು ಬಂದಾಗ ಹದಿಮೂರು ಜನ "ಹೇಳಲಾರೆ" ಒತ್ತಿದರು. ಜೀವಮಾನವೆಲ್ಲ ಇದನ್ನೇ ಓದಿದವರು! ನಮ್ಮ ಬೀದಿಯಲ್ಲಿ ಮಂಡಿನೋವಿಗೆ ಮದ್ದು ಕೇಳು, ಗೊತ್ತಿಲ್ಲ ಅನ್ನುವವರು ಒಬ್ಬರು ಸಿಗಲಿ ನೋಡೋಣ.

ಆಮೇಲೆ ನಿನ್ನ ವಾಕ್ಯ ಬಂತು. ಗಡ್ಡೆ ಗ್ರಂಥಿಯ ಒಂದೇ ಕಡೆ ಇದ್ದು, ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಂಡು, ಹೊರಗೆ ಹರಡದೆ, ಅಪಾಯ ಮಧ್ಯಮ ಮಟ್ಟದ್ದಾಗಿದ್ದರೆ ಈ ಚಿಕಿತ್ಸೆ ಕೊಡಬಹುದು. ಅತ್ತಿಗೆ ತೋರಿಸಿದ ನಿನ್ನ ವರದಿಯಲ್ಲಿದ್ದವೂ ಇವೇ ಮಾತುಗಳು. ಬೆಳಿಗ್ಗೆ ಯಂತ್ರ ಪರೀಕ್ಷಿಸಲು ಬಳಸಿದ ಒಂದು ಪೆಟ್ಟಿಗೆಯನ್ನು ಬಂದ್ ಮಾಡಲು ಮರೆತಿದ್ದೆ, ಅದು ನನ್ನ ಮಡಿಲಲ್ಲೇ ಇತ್ತು. ಹೆಬ್ಬೆರಳು ಯಾವಾಗ ಒತ್ತಿತೋ ನನಗೇ ತಿಳಿಯದು. ಪರದೆಯ ಮೇಲೆ ಒಪ್ಪಿಗೆ ಹದಿನೇಳು ಅಂತ ಬಂತು. ಒಟ್ಟು ಮತ ಇಪ್ಪತ್ತೊಂದು!

ಅಧ್ಯಕ್ಷತೆ ವಹಿಸಿದ್ದವರು ಬೆಳ್ಳಿಕೂದಲಿನ ಸರ್ಜನ್ ಅಮ್ಮ. "ಇನ್ನೊಬ್ಬರು ಯಾರಪ್ಪಾ?" ಎಂದರು. ನಾನು ಎದ್ದು ನಿಂತು, ತಪ್ಪು ನನ್ನದು, ನಮ್ಮಣ್ಣನಿಗೆ ಇದೇ ಕಾಯಿಲೆ ಎಂದೆ. ಕೆಲಸ ಹೋಯಿತು ಅಂದುಕೊಂಡೆ. ಅವರು ತಾವೇ ಎದ್ದು ಬಂದು ಪೆಟ್ಟಿಗೆ ತೆಗೆದುಕೊಂಡು, "ನಿಮ್ಮಣ್ಣನಿಗೋಸ್ಕರ ಒತ್ತೋ ಹಾಗಿಲ್ಲಮ್ಮ. ನಮ್ಮಲ್ಲೂ ಎಷ್ಟೋ ಜನರ ಮನೇಲಿ ಇದೇ ಕಾಯಿಲೆ ಇದೆ" ಎಂದಷ್ಟೇ ಹೇಳಿದರು. ಮತ್ತೆ ಮೊದಲಿಂದ ಚರ್ಚೆ. ನನ್ನ ಮತ ಕಳೆದರೆ ಉಳಿಯುವುದು ಹದಿನಾರು, ಅಂದರೆ ನೂರಕ್ಕೆ ಸರಿಯಾಗಿ ಎಂಬತ್ತು, ಒಬ್ಬರು ಹಿಂದೆ ಸರಿದರೂ ಎಂಬತ್ತು ತಪ್ಪುತ್ತಿತ್ತು. ನನ್ನ ಎಡವಟ್ಟಿನಿಂದ ಎಷ್ಟು ಮನೆಯವರ ದಾರಿ ಮುಚ್ಚುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು. ಅರ್ಧ ಗಂಟೆ ವಾದಿಸಿ ಒತ್ತಿದರು. ಹದಿನೆಂಟು ಬಂತು! ಹಾಗಂತ ಕುಣಿಯಬೇಡ, ಮತ್ತೆ ಪರೀಕ್ಷೆ ಮಾಡದೆ ನಿನಗೆ ಇದು ಹೊಂದುತ್ತದೆ ಎಂದು ಯಾರೂ ಹೇಳಲಾರರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತಿಗೆ ದಿನವೂ ನಿನ್ನನ್ನು ನೆನೆಯುತ್ತಾರೆ. ಹರಸಲು ನಾನು ಚಿಕ್ಕವಳು, ಆದರೂ ನೂರು ವರ್ಷ ಬಾಳು.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಸಭೆ ಈಗ ಮುಗಿಯಿತು, ಅವಸರದಲ್ಲಿ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಇಡೀ ದಿನದಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಜನ ಒಪ್ಪಿದ ವಾಕ್ಯ ಒಂದೇ. ಚಿಕಿತ್ಸೆಯಾದ ಮೇಲೂ ವರ್ಷಗಟ್ಟಲೆ, ಕರೆದಾಗಲೆಲ್ಲ ತಪ್ಪದೆ ಪರೀಕ್ಷೆಗೆ ಬರುವವನಿಗೆ ಮಾತ್ರ ಇದನ್ನು ಮಾಡಬೇಕು. ಆ ಸರ್ಜನ್ ಅಮ್ಮ ನನ್ನ ಕಡೆ ತಿರುಗಿ "ನಿಮ್ಮಣ್ಣ ಬರ್ತಾರಾ?" ಎಂದು ಕೇಳಿದರು. ಬರ್ತಾನೆ ಅನ್ನಲು ಬಾಯಿ ತೆರೆದೆ. ಆಗಲಿಲ್ಲ. ಗೊತ್ತಿಲ್ಲ ಮೇಡಂ ಎಂದೆ. ಆದರೂ ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಪರೀಕ್ಷೆಗೆ ಸಮಯ ಬರೆದುಕೊಟ್ಟಿದ್ದಾರೆ. ಬಾ, ಅಣ್ಣಾ.