ನೆಗೆಟಿವ್ ಅಂದರೆ

ಮಾರ್ಚ್ ೧೪, ಗುರುವಾರ

ಹಾಸ್ಟೆಲಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ ಎಂದು ದೊಡ್ಡಮ್ಮನ ಜೀನ್ ಟೆಸ್ಟ್ ರಿಪೋರ್ಟನ್ನು ನನ್ನ ಕೈಗೇ ಕೊಟ್ಟರು. ‘ನೆಗೆಟಿವ್’ ಎಂದಿತ್ತು. “ಗುಡ್ ನ್ಯೂಸ್!” ಎಂದು ಕೂಗಿಬಿಟ್ಟೆ. ದೊಡ್ಡಪ್ಪ ಖುಷಿಗೆ ಅತ್ತೇಬಿಟ್ಟರು.

ಸಂಜೆ ಡಾಕ್ಟರ್ ಬಿಡಿಸಿ ಹೇಳಿದರು. ದೊಡ್ಡಮ್ಮನಿಗಿರುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಒಂದು ಜೀನ್ ಬದಲಾಗಿದ್ದರೆ ಮಾತ್ರ ಹೊಸ ಮಾತ್ರೆಯ ಟ್ರಯಲ್‌ಗೆ ಸೇರಿಸಿಕೊಳ್ಳುತ್ತಾರಂತೆ. ಅವರಿಗೆ ಆ ಬದಲಾವಣೆ ಇಲ್ಲ. ನೆಗೆಟಿವ್ ಅಂದರೆ ಅಷ್ಟೇ. ಮಾತ್ರೆ ಇಲ್ಲ, ಇನ್ನು ಕೀಮೋನೇ.

ಕೂಗಿದವಳು ನಾನು, ನಾನೇ ಹೇಳಬೇಕು ಎಂದು ದೊಡ್ಡಮ್ಮನ ಕೋಣೆಗೆ ಹೋದೆ. ಹೇಗೋ ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

“ಟೆಸ್ಟಲ್ಲಿ ಫೇಲಾದವಳು ನಾನು ಕಣೇ, ನೀನ್ಯಾಕೆ ಅಳ್ತೀಯಾ?” ಅಂದರು ದೊಡ್ಡಮ್ಮ. “ನಿನ್ನಿಂದ ಬೆಳಗ್ಗೆಯಿಂದ ಸಂಜೆವರೆಗೂ ಆರಾಮಾಗಿದ್ನಲ್ಲ.”

ಇದಕ್ಕೆ ಸಾರಿ ಅನ್ನಬೇಕೋ, ಥ್ಯಾಂಕ್ಸ್ ಅನ್ನಬೇಕೋ?