ಹನ್ನೊಂದು ನಿಮಿಷದ ರೆಕಾರ್ಡಿಂಗ್

ದೇಜನ್,
ನವೆಂಬರ್ 14, 2016

ಅಮ್ಮನಿಗೆ, ಇನ್‌ಸಿಲ್ ಮಾಡುವ ನಮಸ್ಕಾರಗಳು.

ಮೊಣಕಾಲಿನ ನೋವು ಹೇಗಿದೆ? ನೀನು ಕಳಿಸಿದ ಕಿಮ್ಚಿ ಬಂತು. ಈ ಸಲ ಉಪ್ಪು ಸ್ವಲ್ಪ ಜಾಸ್ತಿ.

ನಿನ್ನ ಕೆಲಸ ಮುಗಿಯಿತು. ಆ ಹಳೆಯ ಟೀವಿ ರೆಕಾರ್ಡರ್ ಸಾಯುವ ಮುಂಚೆ ಅದರಲ್ಲಿದ್ದ ಇನ್ನೂರ ಹದಿನಾಲ್ಕು ಫೈಲುಗಳನ್ನೂ ನಿನ್ನ ಹೊಸ ಟೀವಿಗೆ ಹೊಂದುವಂತೆ ಬದಲಾಯಿಸಿ ಪೆನ್‌ಡ್ರೈವಿಗೆ ಹಾಕಿದ್ದೇನೆ. "ಒಂದೂ ಹಾಳಾಗ್ಬಾರ್ದು ಕಣೆ. ನೀನೇನೂ ಕೂತ್ಕೊಂಡು ನೋಡ್ಬೇಡ, ಬರೀ ಹಳೇ ಸೀರಿಯಲ್ಲು" ಅಂದಿದ್ದೆ. ನಾನು ನೋಡುವವಳೂ ಅಲ್ಲ. ಆದರೆ ಒಂದು ಫೈಲು ಹನ್ನೊಂದೇ ನಿಮಿಷದ್ದು. ಯಾವ ಸೀರಿಯಲ್ಲೂ ಅಷ್ಟು ಚಿಕ್ಕದಿರುವುದಿಲ್ಲ. ಕೆಟ್ಟಿದೆಯೇನೋ ಎಂದು ರೆಕಾರ್ಡರಿನಲ್ಲೇ ತೆರೆದೆ.

2011ರ ಮೇ 17. ಕಳೆದುಹೋದವರನ್ನು ಹುಡುಕಿಕೊಡುವ ಕಾರ್ಯಕ್ರಮ. ನೀನು ಕೊನೆಯ ಸಲ ನಿಲ್ಲಿಸಿದ್ದ ಕಡೆಯಿಂದಲೇ ಶುರುವಾಯಿತು: ಡೆನ್ಮಾರ್ಕಿನಿಂದ ಬಂದ ಹೆಂಗಸೊಬ್ಬಳು ಕೂದಲು ಸರಿಸಿ ಕಿವಿಯ ಹಿಂದಿನ ಮಚ್ಚೆ ತೋರಿಸುತ್ತಿದ್ದಾಳೆ. ಎರಡು ವರ್ಷದವಳಿದ್ದಾಗ ಮೊಕ್ಪೋ ರೈಲು ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿದಳಂತೆ. ಅಂಗಿಗೆ ಒಂದು ಚೀಟಿ ಪಿನ್ ಮಾಡಿತ್ತಂತೆ. ಅದನ್ನೂ ತೋರಿಸಿದರು, ಹೆಸರು ಮತ್ತು ಹುಟ್ಟಿದ ದಿನ. ಜೊಮ್‌ಸುನ್, ಮೂರನೇ ತಿಂಗಳ ಒಂಬತ್ತು.

ನಿನ್ನ ಅಕ್ಷರ, ಅಮ್ಮ.

ಪ್ರತಿ ವರ್ಷ ಅದೇ ದಿನ ನೀನು ಹುಟ್ಟಿದಹಬ್ಬಕ್ಕೆ ಮಾಡುವ ಕಡಲಪಾಚಿಯ ಸಾರು ಮಾಡುತ್ತಿದ್ದೆ. "ಇವತ್ತು ಯಾರ ಹುಟ್ಟಿದಹಬ್ಬನೇ?" ಎಂದು ಅಪ್ಪ ಕೇಳಿದರೆ, "ಬಾಯಿಗೆ ರುಚಿ ಆಯ್ತು, ಮಾಡ್ದೆ. ಸುಮ್ನೆ ತಿನ್ರೀ" ಎನ್ನುತ್ತಿದ್ದೆ.

ಅವಳಿಗೆ ನಿನ್ನ ಮೇಲೆ ಕೋಪವಿರಲಿಲ್ಲ. ಒಂದು ಹೊತ್ತು ಅಮ್ಮನ ಜೊತೆ ಊಟ ಮಾಡಬೇಕು, ಹನ್ನೆರಡು ದಿನ ಮೊಕ್ಪೋದ ವಸತಿಗೃಹವೊಂದರಲ್ಲೇ ಕಾಯುತ್ತೇನೆ ಎಂದಳು. ಆ ವಸತಿಗೃಹ ನಿನ್ನ ಒಣಮೀನಿನ ಅಂಗಡಿಯಿಂದ ಹತ್ತು ನಿಮಿಷದ ದಾರಿ. ಅಪ್ಪ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಯಾರ ಹೆದರಿಕೆ ಇತ್ತು ನಿನಗೆ? ಅದೇ ದಿನದ ಮರುಪ್ರಸಾರದ ಹೊತ್ತು ನೋಡಿ ರೆಕಾರ್ಡ್ ಮಾಡಿಕೊಳ್ಳುವಷ್ಟು ಧೈರ್ಯ ಬಂತು, ಚಪ್ಪಲಿ ಮೆಟ್ಟಿ ಹೊರಡುವಷ್ಟು ಬರಲಿಲ್ಲ.

ನಾನು ಹೋದೆ, ಪರದೆಯಲ್ಲಿದ್ದ ನಂಬರಿಗೆ ಫೋನ್ ಮಾಡಿ. ಈಗ ಅವಳು ಸೋಲ್‌ನಲ್ಲೇ ಇದ್ದಾಳೆ, ಬೇಕರಿಯೊಂದರಲ್ಲಿ ಕೆಲಸ. ನಮ್ಮ ಭಾಷೆ ಕಲಿತಿದ್ದಾಳೆ, ಮಕ್ಕಳ ಹಾಗೆ ತಡೆದು ತಡೆದು ಮಾತಾಡುತ್ತಾಳೆ. ನಾನು ಯಾರೆಂದು ಹೇಳಿದ ಕೂಡಲೇ ಕೈ ಹಿಡಿದುಕೊಂಡು, "ಅಮ್ಮ? ಅಮ್ಮ ಎಲ್ಲಿದಾರೆ?" ಎಂದು ಕೇಳಿದಳು.

ತೀರಿಕೊಂಡರು ಎಂದೆ.

"ಯಾವಾಗ?"

ನನ್ನ ಬಾಯಿಗೆ ಬಂದದ್ದು ಆ ಫೈಲಿನ ತಾರೀಖು, ಅವಳು ಟೀವಿಯಲ್ಲಿ ಬಂದ ದಿನ. ಅವಳು ಕೇಳಿದಳು, "ಹಾಗಾದ್ರೆ ಅವ್ರು ನನ್ನನ್ನ ಟೀವಿಲಿ ನೋಡ್ಲಿಲ್ವಾ?"

"ಇಲ್ಲ ಅಕ್ಕ. ನೋಡಿದ್ರೆ ಓಡಿ ಬರ್ತಿದ್ರು."

ಅಷ್ಟು ಹೊತ್ತು ಅಳದವಳು ಆಗ ಅತ್ತಳು, ನಗುತ್ತಾ ಅತ್ತಳು. "ಸದ್ಯ! ನೋಡಿಯೂ ಬರ್ಲಿಲ್ಲ ಅಂತ ಐದು ವರ್ಷ ಅಂದ್ಕೊಂಡಿದ್ದೆ" ಎಂದಳು.

ಸಮಾಧಿ ನೋಡಬೇಕು ಅಂದಳು. ಕಳೆದ ಭಾನುವಾರ ಅಜ್ಜಿಯ ಸಮಾಧಿ ದಿಬ್ಬಕ್ಕೆ, ನಿನ್ನದೆಂದು ಹೇಳಿ, ಕರೆದುಕೊಂಡು ಹೋದೆ. ಅಲ್ಲಿ ಹೆಸರಿನ ಕಲ್ಲಿಲ್ಲವಲ್ಲ. ಸೋಜು ಮದ್ಯ ಸುರಿದಳು, ಎರಡು ಸಲ ಅಡ್ಡಬಿದ್ದಳು, ಹಣೆಗೆ ಹತ್ತಿದ ಮಣ್ಣು ಒರೆಸಿಕೊಳ್ಳದೆ ಬಹಳ ಹೊತ್ತು ಏನೇನೋ ಹೇಳಿಕೊಂಡಳು. ಅವಳ ಭಾಷೆಯಲ್ಲಿ. ನನಗೆ ಅರ್ಥವಾಗಲಿಲ್ಲ. ಆ ಮಾತುಗಳೆಲ್ಲ ನಿನಗೆ ಸೇರಿದ್ದವು, ನಿನಗೆ ಸಿಗುವುದಿಲ್ಲ. ಅವಳು ಈಗ ನೆಮ್ಮದಿಯಾಗಿದ್ದಾಳೆ. ಅದಕ್ಕಾಗಿಯೇ ಹೀಗೆ ಮಾಡಿದೆ. ನೀನು ಬದುಕಿದ್ದೀಯ ಎಂದು ಗೊತ್ತಾದರೆ ಆ ನೆಮ್ಮದಿ ಹೋಗುತ್ತದೆ. ತಾಯಿಯಾಗಿ ಅಷ್ಟಾದರೂ ಮಾಡು, ಸತ್ತವಳಾಗಿಯೇ ಇರು.

ಮಾತ್ರೆ ತಪ್ಪಿಸಬೇಡ.

ಇಂತಿ,
ನಿನ್ನ ಮಗಳು ಇನ್‌ಸಿಲ್

ಮ.ವಿ: ಆ ಹನ್ನೊಂದು ನಿಮಿಷವನ್ನೂ ಪೆನ್‌ಡ್ರೈವಿಗೆ ಹಾಕಿದ್ದೇನೆ. ಆದರೆ ಪರದೆಯ ಕೆಳಗೆ ಅವಳ ಫೋನ್ ನಂಬರು ಹೋಗುತ್ತಿತ್ತಲ್ಲ, ಆ ಪಟ್ಟಿಯನ್ನು ಕತ್ತರಿಸಿದ್ದೇನೆ. ರೆಕಾರ್ಡರಿನಲ್ಲಿದ್ದದ್ದನ್ನು ಅಳಿಸಿಯೂ ಆಯಿತು. ಅವಳಿಗಾಗಿ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಮೂವತ್ತೆಂಟು ವರ್ಷ ನಿನಗೆ ನಾನೊಬ್ಬಳೇ ಮಗಳಾಗಿದ್ದೆ. ಇನ್ನು ಮುಂದೆಯೂ ನಾನೊಬ್ಬಳೇ.