ಎಂಟು ಡಿಗ್ರಿಯ ಒಳಗೆ

ವರ್ಕ್‌ಶಾಪ್
ಏಪ್ರಿಲ್ ೧೭, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಕಿವಿ ಹಿಂಡಬೇಡ. ಕೈಗೆ ಸ್ಪ್ಯಾನರ್‌ನಿಂದ ಬಿಡುವೇ ಇರಲಿಲ್ಲ. ಅಪ್ಪ ಚೆನ್ನಾಗಿ ಉಣ್ಣುತ್ತಾರೆ, ಚೆನ್ನಾಗಿ ರೇಗುತ್ತಾರೆ. ಈಗ ಸುದ್ದಿ ಕೇಳು: ನಾನು ಗೆದ್ದೆ!

ಮಕ್ಕಳ ಆಸ್ಪತ್ರೆಯ ಲಸಿಕೆ ಕೋಣೆ ನೆನಪಿದೆಯಲ್ಲ, ಅಪ್ಪನೇ ತಂಪಿನ ಮೆಷಿನ್ ಕೂರಿಸಿದ್ದರು. ಅದು ಪ್ರತಿ ಬೇಸಿಗೆ ಸೋರುತ್ತಿತ್ತು, ನಾನು ಪ್ರತಿ ಬೇಸಿಗೆ ಗ್ಯಾಸ್ ತುಂಬಿ ಬರುತ್ತಿದ್ದೆ. ಆ ಗ್ಯಾಸ್ ಒಂದು ಕಿಲೋ ಸೋರಿದರೂ ಸಾವಿರಾರು ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ ಎಂದು ತರಬೇತಿಯಲ್ಲಿ ಕೇಳಿದ ಮೇಲೆ ನನಗೆ ಆ ಕೆಲಸವೇ ಬೇಡವಾಗಿತ್ತು. ಒಂದು ಕೋಣೆ ತಣ್ಣಗಿಡಲು ಊರನ್ನೇ ಕಾಯಿಸುವುದೇ?

ಈ ಸಲ ಮೆಷಿನ್ ಪೂರ್ತಿ ಕೈಕೊಟ್ಟಿತು. ಸೋರಿದರೂ ಭೂಮಿಯನ್ನು ಅಷ್ಟಾಗಿ ಕಾಯಿಸದ ಪ್ರೊಪೇನ್‌ನಲ್ಲಿ ನಡೆಯುವ ಹೊಸದನ್ನು ಹಾಕೋಣ ಎಂದೆ. ಆಸ್ಪತ್ರೆಯ ಎಂಜಿನಿಯರ್ ನಕ್ಕೇಬಿಟ್ಟರು.

"ಅಡುಗೆ ಗ್ಯಾಸಾ? ಮಕ್ಕಳ ಆಸ್ಪತ್ರೆ ಕಣಮ್ಮಾ ಇದು, ಹೋಟೆಲ್ ಅಲ್ಲ."

"ನಿಮ್ಮನೆ ಒಲೆ ಪಕ್ಕ ದೊಡ್ಡ ಸಿಲಿಂಡರ್ ಇಟ್ಕೊಂಡು ನೆಮ್ಮದಿಯಾಗಿ ಇದ್ದೀರಲ್ಲ ಸಾರ್? ಇದರಲ್ಲಿರೋದು ಅದರ ಹತ್ತರಲ್ಲೊಂದು ಪಾಲೂ ಇಲ್ಲ" ಎಂದೆ.

ಗ್ಯಾಸ್ ಹೊರಗಿನ ಶೆಡ್ಡಿನಲ್ಲೇ ಸುತ್ತುತ್ತದೆ, ಕೋಣೆಯೊಳಗೆ ಬರುವುದು ಅದು ತಣ್ಣಗೆ ಮಾಡಿದ, ಬೆಂಕಿ ಹತ್ತದ ಬೇರೆ ದ್ರವ ಮಾತ್ರ, ಸೋರಿದರೆ ತಕ್ಷಣ ಗಂಟೆ ಹೊಡೆಯುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ದೊಡ್ಡ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಹೇಳಿದರು: "ಲಸಿಕೆ ಬದಲು ನೀರಿನ ಬಾಟಲಿ ಇಡೋಣ. ಎಂಟು ಡಿಗ್ರಿ ದಾಟಿದ್ರೆ ಲಸಿಕೆ ಕೆಡುತ್ತೆ; ಮೂರು ದಿನ ದಾಟಬಾರದು. ದಾಟಿದ್ರೆ ಹಳೇ ಥರದ್ದೇ."

ಹೊಸ ಮೆಷಿನ್ ಕೂರಿಸಿದೆ. ಎರಡು ದಿನ ತಾಪಮಾಪಕದ ಮುಳ್ಳು ಐದರಲ್ಲೇ ನಿಂತಿತ್ತು. ಮೂರನೆಯ ಮಧ್ಯಾಹ್ನ, ಹೊರಗೆ ಬೆಂಕಿಯಂಥ ಬಿಸಿಲು, ಅದು ಏರತೊಡಗಿತು. ಆರು. ಏಳು. ಏಳೂವರೆ. ಎಂಜಿನಿಯರ್ ಕೈಕಟ್ಟಿ ನಿಂತು, "ಇನ್ನರ್ಧ ಡಿಗ್ರಿ" ಎಂದರು. ಶೆಡ್ಡಿಗೆ ಓಡಿದೆ, ಮೆಷಿನ್ ಸರಿಯಾಗಿಯೇ ಓಡುತ್ತಿದೆ! ಕಟ್ಟಡ ಸುತ್ತಿ ಕೋಣೆಯ ಹಿಂಬಾಗಿಲಿಗೆ ಬಂದು ನೋಡಿದರೆ, ಇಬ್ಬರು ನರ್ಸುಗಳು ಬಾಗಿಲು ಮುಚ್ಚದಂತೆ ರಟ್ಟಿನ ಪೆಟ್ಟಿಗೆ ಒತ್ತಿಟ್ಟು, ಸೆಖೆ ತಾಳಲಾರದೆ ತಂಪಿಗೆ ಮುಖವೊಡ್ಡಿ ನಿಂತಿದ್ದಾರೆ!

"ಸ್ವರ್ಗ ಕಣಕ್ಕಾ ಇದು" ಎಂದಳು ಒಬ್ಬಳು.

ಪೆಟ್ಟಿಗೆ ಒದ್ದು ಬಾಗಿಲು ಜಡಿದೆ. ಇಪ್ಪತ್ತು ನಿಮಿಷದಲ್ಲಿ ಮುಳ್ಳು ಐದಕ್ಕೆ ಇಳಿಯಿತು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿ, "ಬಾಗಿಲು ತೆರೆದಿಟ್ರೂ ಎಂಟು ದಾಟಲಿಲ್ವಲ್ಲಾ! ಲಸಿಕೆ ತರಿಸಿ" ಎಂದರು. ಎಂಜಿನಿಯರ್ ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಗೇಟಿನವರೆಗೂ ಬಂದು, "ಅಮ್ಮಾ, ಇನ್ನೆರಡು ಆಸ್ಪತ್ರೇಲೂ ಇದೇ ಪಾಡು, ಬರ್ತೀರಾ?" ಎಂದು ಕೇಳಿದರು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ. ಜನ ಹುಚ್ಚಿ ಅಂದುಕೊಂಡಿರಬೇಕು.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನನ್ನಷ್ಟೇ ಹಟಮಾರಿಗಳಾಗಿ, ನಿನ್ನಷ್ಟೇ ಸುಖವಾಗಿ ಬೆಳೆಯಲಿ.

ನಿನ್ನ ತಂಗಿ,
ಮೊಂಡಿ

ತಾ. ಕ.: ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿದೆ. ಅವರ ಕಣ್ಣು ತುಂಬಿತು. ನನ್ನ ತಲೆ ಸವರಿ, "ನಂಗೊತ್ತಿತ್ತು ದೊಡ್ಡೋಳೇ. ನನ್ನ ಕೆಲಸ ಕಲಿತೋಳು ನೀನೊಬ್ಬಳೇ" ಎಂದರು. ಅವರಿಗೆ ನಾನು ನೀನಾಗಿದ್ದೆ, ವರ್ಕ್‌ಶಾಪಿನ ಹೊಸಿಲನ್ನೇ ತುಳಿಯದ ನೀನು! ಆಮೇಲೆ ಬಾಗಿಲ ಕಡೆ ನೋಡಿ, "ಚಿಕ್ಕವಳು ಇನ್ನೂ ಬರಲಿಲ್ವಾ?" ಎಂದರು. "ಬರ್ತಾಳೆ ಅಪ್ಪಾ" ಎಂದೆ. ಒಂದೂವರೆ ತಿಂಗಳಿಂದ ಹೀಗೇ ಅಕ್ಕಾ. ಬರೆಯಲು ಕೈಯೇ ಬಂದಿರಲಿಲ್ಲ. ಒಮ್ಮೆ ಬಾ. ನೀನು ಪಕ್ಕದಲ್ಲಿ ನಿಂತರೆ ಅವರಿಗೆ ನನ್ನ ಗುರುತು ಸಿಗಬಹುದು.